ಎರಡನೇ ಪ್ರಾಶಸ್ತ್ಯದ ವೋಟು ಎಲ್ಲಿಗೆ ಹೋಗುತ್ತೆ? 80 ಚೀಟಿ, 3 ಸೀಟು ಇಟ್ಕೊಂಡು ಎಣಿಸೋ ಕ್ರಮ

ರಾಜ್ಯಸಭೆ ಎಲೆಕ್ಷನ್ ಬಂದಾಗೆಲ್ಲ ಟಿವಿಲಿ ಕೆಳಗಡೆ ಪಟ್ಟಿ ಓಡುತ್ತೆ, ‘ಎರಡನೇ ಪ್ರಾಶಸ್ತ್ಯದ ಮತಗಳಿಂದ ಗೆಲುವು’ ಅಂತ. ನಾವು ಕಾಫಿ ಹೀರ್ಕೊಂಡು ಓದ್ತೀವಿ, ಹೂಂ ಅಂತೀವಿ, ಚಾನೆಲ್ ಬದಲಾಯಿಸ್ತೀವಿ. ಅದರ ಅರ್ಥ ಏನು ಅಂತ ಪಕ್ಕದಲ್ಲಿ ಕೂತೋರು ಕೇಳಿದ್ರೆ ನೂರಕ್ಕೆ ತೊಂಬತ್ತು ಜನ ‘ಅದೇ, ಸೆಕೆಂಡ್ ಪ್ರಿಫರೆನ್ಸು’ ಅಂದು ಸುಮ್ಮನಾಗ್ತಾರೆ. ನಾನೂ ಹಾಗೇ ಇದ್ದೆ. ಆಮೇಲೆ ನಮ್ಮ ಅಪಾರ್ಟ್‌ಮೆಂಟಲ್ಲಿ ನಾನೇ ಕೂತು ಒಂದು ಎಣಿಕೆ ಮಾಡ್ಬೇಕಾಗಿ ಬಂತು, ಅದನ್ನ ಕೈಯಾರೆ ಒಂದು ಸಲ ಮಾಡಿದ್ಮೇಲೆ ಈಗ ರಾಜ್ಯಸಭೆ ರಿಸಲ್ಟ್ ಬಂದ್ರೆ ಕ್ಯಾಲ್ಕುಲೇಟರ್ ತಗೊಂಡು ಕೂತ್ಕೊಳ್ಳೋ ಹುಚ್ಚು ಹಿಡಿದಿದೆ.

ಕತೆ ಶುರುವಾಗಿದ್ದು ಹೀಗೆ. ನಮ್ಮದು 96 ಮನೆ, ಮೂರು ಬ್ಲಾಕು. ಮೊದಲು 5 ಜನರ ಕಮಿಟಿಗೆ ಪ್ರತಿ ಮನೆಗೂ 5 ವೋಟು ಅಂತ ಇತ್ತು. ಎ ಬ್ಲಾಕಲ್ಲಿ 54 ಮನೆ. ಅವರು ವಾಟ್ಸಾಪಲ್ಲಿ ಮಾತಾಡ್ಕೊಂಡು ತಮ್ಮ ಐದು ಜನಕ್ಕೆ ಒತ್ತಿದ್ರೆ ಮುಗೀತು, 5ಕ್ಕೆ 5 ಸೀಟೂ ಅವರದ್ದೇ, ಮಿಕ್ಕ 42 ಮನೆಯೋರು ಮೇಂಟೆನೆನ್ಸ್ ಕಟ್ಟೋಕೆ ಮಾತ್ರ. ಇದರಲ್ಲಿ ಮೋಸ ಏನೂ ಇಲ್ಲ, ಆ ಪದ್ಧತಿಯೇ ಹಾಗೆ. ಆಮೇಲೆ ಬೋರ್‌ವೆಲ್ ಬತ್ತಿ ಟ್ಯಾಂಕರ್ ಮೇಲೆ ಟ್ಯಾಂಕರ್ ತರಿಸೋ ಪರಿಸ್ಥಿತಿ ಬಂದಾಗ, ನೀರಿಗೆ ಅಂತಲೇ ಬೇರೆ 3 ಜನರ ಕಮಿಟಿ ಮಾಡೋಣ, ಆದ್ರೆ ಈ ಸಲ ಎಲ್ಲ ಬ್ಲಾಕಿನೋರ ಮಾತಿಗೂ ಬೆಲೆ ಬರೋ ಹಾಗೆ ವೋಟು ಹಾಕೋಣ ಅಂತ ಆಯ್ತು. ರಾಜ್ಯಸಭೆ ಥರ ಮಾಡೋಣ ಅಂತ ಬಾಯಿ ಜಾರಿ ಅಂದೋನು ನಾನೇ, ಹಾಗಾಗಿ ಎಣಿಸೋ ಕೆಲಸವೂ ನನ್ನ ತಲೆಗೇ ಬಂತು. (ನೀವೂ ಮಾಡೋದಾದ್ರೆ ಬೈಲಾ ಒಂದ್ಸಲ ನೋಡ್ಕೊಳಿ. ಮೇನ್ ಕಮಿಟಿ ಆಯ್ಕೆ ಹೇಗೆ ಅಂತ ಅಲ್ಲಿ ಬರೆದಿದ್ರೆ ಅದನ್ನ ಬಿಟ್ಟು ಹೋಗೋ ಹಾಗಿಲ್ಲ. ನಮ್ಮದು ಸಬ್ ಕಮಿಟಿ ಆದ್ದರಿಂದ ಯಾರೂ ತಕರಾರು ತೆಗೀಲಿಲ್ಲ.)

ಮೊದಲು ಒಂದು ವಿಷಯ ತಲೆಗೆ ಹಾಕ್ಕೊಳಿ, ಇದು ಗೊತ್ತಾದ್ರೆ ಅರ್ಧ ಗೆದ್ದ ಹಾಗೆ: ನೀವು 1, 2, 3 ಅಂತ ಬರೆದ್ರೂ ನಿಮ್ಮದು ಮೂರು ವೋಟಲ್ಲ. ಒಂದೇ ವೋಟು. ಮೆಜೆಸ್ಟಿಕ್‌ಗೆ ಹೋಗೋ ಬಸ್ಸು ಸಿಗಲಿಲ್ಲ ಅಂದ್ರೆ ಮಾರ್ಕೆಟ್ ಬಸ್ಸು ಹತ್ತು, ಅದೂ ಇಲ್ಲ ಅಂದ್ರೆ ಶಿವಾಜಿನಗರದ್ದು ಅಂತ ಮನೆಯಲ್ಲಿ ಹೇಳಿ ಕಳಿಸ್ತಾರಲ್ಲ, ಅಷ್ಟೇ. ಹೋಗೋ ಮನುಷ್ಯ ಒಬ್ಬನೇ, ಮೊದಲನೇ ಬಸ್ಸು ಸಿಕ್ಕಿದ್ರೆ ಎರಡನೇದರ ನಂಬರ್ ನೋಡೋದೇ ಇಲ್ಲ. ನಿಮ್ಮ 2 ಅನ್ನೋ ನಂಬರನ್ನ ಎಣಿಸೋರು ನೋಡೋದು ಎರಡೇ ಸಂದರ್ಭದಲ್ಲಿ. ಒಂದು, ನೀವು 1 ಕೊಟ್ಟೋರಿಗೆ ಬೇಕಾಗಿದ್ದಕ್ಕಿಂತ ಜಾಸ್ತಿ ಬಿದ್ದಾಗ. ಇನ್ನೊಂದು, ನೀವು 1 ಕೊಟ್ಟೋರು ಎಲ್ಲರಿಗಿಂತ ಕೆಳಗಿದ್ದು ಆಟದಿಂದ ಔಟಾದಾಗ. ಹಾಗಾಗಿ 2 ಬರೆದ್ರೆ ನಮ್ಮ ಕ್ಯಾಂಡಿಡೇಟಿಗೆ ಹೊಡೆತ ಬೀಳುತ್ತೆ ಅನ್ನೋ ಭಯ ಸುಳ್ಳು, ಅವರ ವಿಷಯ ಇತ್ಯರ್ಥ ಆಗೋವರೆಗೂ 2ನ ಯಾರೂ ಮುಟ್ಟೋದೇ ಇಲ್ಲ.

ಈಗ ಚೀಟಿ. ಹೆಸರಿನ ಮುಂದೆ ಖಾಲಿ ಚೌಕ, ಅದರಲ್ಲಿ ನಂಬರ್ ಬರೀಬೇಕು. ಟಿಕ್ ಹಾಕೋ ಹಾಗಿಲ್ಲ, ‘ಒಂದು’ ಅಂತ ಅಕ್ಷರದಲ್ಲಿ ಬರೆಯೋ ಹಾಗಿಲ್ಲ. ಕನ್ನಡದ ೧, ೨ ಬರೀಬಹುದು, ರೋಮನ್ ಅಂಕಿನೂ ನಡೆಯುತ್ತೆ, ಇದು ನಮ್ಮ ಕಾನೂನಲ್ಲೇ ಇದೆ. ಪದವೀಧರ ಕ್ಷೇತ್ರಕ್ಕೆ ವೋಟು ಹಾಕಿದೋರಿಗೆ ನೆನಪಿರುತ್ತೆ, ಬೂತಲ್ಲಿ ನೇರಳೆ ಬಣ್ಣದ ಸ್ಕೆಚ್ ಪೆನ್ ಕೊಡ್ತಾರೆ, ಅದರಲ್ಲೇ ಬರೀಬೇಕು, ಜೇಬಲ್ಲಿರೋ ಪೆನ್ ತೆಗೆದ್ರೆ ವೋಟು ಹೋಯ್ತು. 2016ರಲ್ಲಿ ಹರಿಯಾಣದ ರಾಜ್ಯಸಭೆ ಚುನಾವಣೆಲಿ ಪೆನ್ನಿನ ವಿಷಯಕ್ಕೇ ಒಂದು ಡಜನ್‌ನಷ್ಟು ವೋಟು ಅಸಿಂಧು ಆಗಿ ರಿಸಲ್ಟೇ ತಿರುವು ಮುರುವು ಆಗಿದ್ದುಂಟು. ನಾವೂ 20 ಸ್ಕೆಚ್ ಪೆನ್ ತಂದು ಕ್ಲಬ್‌ಹೌಸಲ್ಲಿ ಇಟ್ವಿ, ಎಣಿಕೆ ಮುಗಿಯೋ ಹೊತ್ತಿಗೆ ಮಕ್ಕಳು 6 ಬಿಟ್ಟಿದ್ರು.

ನಮ್ಮಲ್ಲಿ 83 ಮನೆಯೋರು ವೋಟು ಹಾಕಿದ್ರು. ಮೊದಲ ಕೆಲಸ ಕೆಟ್ಟ ಚೀಟಿ ಆರಿಸಿ ತೆಗೆಯೋದು. ಒಬ್ಬರು ಟಿಕ್ ಹಾಕಿದ್ರು, ತೆಗೆದ್ವಿ. ಒಬ್ಬರು ಇಬ್ಬರಿಗೂ 1 ಕೊಟ್ಟಿದ್ರು, ತೆಗೆದ್ವಿ. ಇನ್ನೊಬ್ಬರು ಪಾಪ ಜವಾಬ್ದಾರಿಯಿಂದ ಕೆಳಗಡೆ ಫ್ಲಾಟ್ ನಂಬರ್ ಬರೆದು ಸೈನ್ ಕೂಡ ಮಾಡಿದ್ರು, ಯಾರದ್ದು ಅಂತ ಗೊತ್ತಾಗೋ ಚೀಟಿ ನಡೆಯಲ್ಲ, ಅದೂ ಹೋಯ್ತು. ಉಳಿದಿದ್ದು 80. ಒಂದು ಚೀಟಿಲಿ 1, 2 ಆದ್ಮೇಲೆ ನೇರ 4 ಇತ್ತು. ಅದು ಕೆಟ್ಟ ಚೀಟಿ ಅಲ್ಲ, 2ರವರೆಗೂ ಚೆನ್ನಾಗಿ ನಡೆಯುತ್ತೆ, ಮೂರನೇ ಜಾಗ ಹುಡುಕೋ ಸಂದರ್ಭ ಬಂದ್ರೆ ಮಾತ್ರ ಅಲ್ಲಿಗೆ ನಿಲ್ಲುತ್ತೆ. 1 ಒಂದೇ ಬರೆದು ಬಿಟ್ಟ ಚೀಟಿನೂ ಸರಿಯೇ. 1 ಇಲ್ಲದೇ 2, 3 ಬರೆದಿದ್ರೆ ಮಾತ್ರ ಕಸ.

ಆಮೇಲೆ ಕೋಟಾ. ಗೆಲ್ಲೋಕೆ ಎಷ್ಟು ಬೇಕು ಅನ್ನೋ ಗೆರೆ. ನಮ್ಮ ದೇಶದ ನಿಯಮದಲ್ಲಿ ಒಂದಕ್ಕಿಂತ ಜಾಸ್ತಿ ಸೀಟಿದ್ರೆ ಪ್ರತಿ ಚೀಟಿಗೂ 100 ಅಂತ ಬೆಲೆ ಕಟ್ತಾರೆ, ಮುಂದೆ ಚೀಟಿನ ಪಾಲು ಮಾಡ್ಬೇಕಾಗುತ್ತೆ, ಪಾಯಿಂಟು ಗೀಯಿಂಟು ಅಂತ ಒದ್ದಾಡೋದು ಬೇಡ ಅಂತ. ರೂಪಾಯಿನ ಪೈಸೆ ಮಾಡ್ಕೊಂಡ ಹಾಗೆ ಅಂದ್ಕೊಳಿ. 80 ಚೀಟಿ ಅಂದ್ರೆ 8000. ಸೀಟು 3, ಅದಕ್ಕೆ ಒಂದು ಸೇರಿಸಿದ್ರೆ 4. 8000ನ 4ರಿಂದ ಭಾಗಿಸಿದ್ರೆ 2000, ಅದಕ್ಕೆ 1 ಕೂಡಿಸಿ, 2001. ಇದೇ ಕೋಟಾ. ಸೀಟು ಮೂರಿದ್ರೆ ನಾಲ್ಕರಿಂದ ಯಾಕೆ ಭಾಗಿಸ್ಬೇಕು ಅಂತ ಎಲ್ಲರೂ ಕೇಳ್ತಾರೆ. ನೋಡಿ, 2001 ದಾಟಿದೋರು ಮೂರು ಜನ ಇರಬಹುದು, ನಾಲ್ಕು ಜನ ಇರೋಕೆ ಸಾಧ್ಯವೇ ಇಲ್ಲ, ಯಾಕಂದ್ರೆ ನಾಲ್ಕು ಸಲ 2001 ಅಂದ್ರೆ 8004, ನಮ್ಮ ಹತ್ರ ಇರೋದೇ 8000. ಮೂರೇ ಜನ ದಾಟಬಹುದಾದ ಅತಿ ಚಿಕ್ಕ ನಂಬರ್ ಅದು, ಅದಕ್ಕಿಂತ ಎತ್ತರದ ಗೆರೆ ಹಾಕೋ ಅವಶ್ಯಕತೆ ಇಲ್ಲ. ಒಂದು ಎಚ್ಚರಿಕೆ, ಕೆಟ್ಟ ಚೀಟಿ ತೆಗೆಯೋ ಮೊದಲು ಕೋಟಾ ಹಾಕ್ಬೇಡಿ. ನಮ್ಮಲ್ಲಿ ಒಬ್ಬರು ಉತ್ಸಾಹದಲ್ಲಿ 83ಕ್ಕೇ ಲೆಕ್ಕ ಹಾಕಿ ಬೋರ್ಡ್ ಮೇಲೆ 2076 ಅಂತ ಬರೆದುಬಿಟ್ಟಿದ್ರು.

ನಿಂತಿದ್ದೋರು ಐದು ಜನ. ಹೆಸರು ಬೇಡ, ನಮ್ಮಲ್ಲಿ ಕರೆಯೋ ಹಾಗೇ ಹೇಳ್ತೀನಿ. ಸಿ ಬ್ಲಾಕಿನ ರಿಟೈರ್ಡ್ ಮೇಷ್ಟ್ರು. ಟ್ಯಾಂಕರ್ ಬುಕ್ ಮಾಡೋ ವಹಿವಾಟು ನೋಡ್ಕೊಳ್ಳೋ ಎ ಬ್ಲಾಕಿನ ಟ್ಯಾಂಕರ್ ಅಂಕಲ್. ಡಾಕ್ಟ್ರಮ್ಮ. ಬಾಡಿಗೆಗೆ ಇರೋ ಒಂದು ಹುಡುಗಿ, ಸಿ ಬ್ಲಾಕಲ್ಲಿ ಬಾಡಿಗೆಯೋರೇ ಜಾಸ್ತಿ. ಮತ್ತೆ ಜಿಮ್ ಹುಡುಗ. ಮೊದಲ ಪ್ರಾಶಸ್ತ್ಯ ಅಂದ್ರೆ 1 ಎಲ್ಲೆಲ್ಲಿದೆ ಅಂತ ಮಾತ್ರ ನೋಡಿ ಗುಡ್ಡೆ ಹಾಕಿದಾಗ ಬಂದಿದ್ದು: ಮೇಷ್ಟ್ರು 30, ಟ್ಯಾಂಕರ್ ಅಂಕಲ್ 18, ಡಾಕ್ಟ್ರಮ್ಮ 14, ಬಾಡಿಗೆ ಹುಡುಗಿ 10, ಜಿಮ್ ಹುಡುಗ 8. ನೂರರಿಂದ ಗುಣಿಸಿ 3000, 1800, 1400, 1000, 800.

ಇಲ್ಲಿಗೇ ಎದ್ದುಹೋಗಿದ್ರೆ ಮೇಷ್ಟ್ರು, ಅಂಕಲ್, ಡಾಕ್ಟ್ರಮ್ಮ ಮೂವರೂ ಗೆದ್ದ ಹಾಗೆ. ಅಂಕಲ್ ಅಷ್ಟೊತ್ತಿಗೆ ಯಾರಿಗೋ ಫೋನ್ ಮಾಡ್ತಾನೂ ಇದ್ರು. ಆದ್ರೆ ಕೋಟಾ ದಾಟಿದ್ದು ಮೇಷ್ಟ್ರು ಒಬ್ಬರೇ. ಅವರಿಗೆ ಬೇಕಾಗಿದ್ದು 2001, ಇರೋದು 3000, ಮಿಕ್ಕಿದ್ದು 999. ಇದಕ್ಕೇ ಹೆಚ್ಚುವರಿ ಮತ, ಸರ್‌ಪ್ಲಸ್ ಅನ್ನೋದು. ಇದನ್ನ ಅವರ ಹತ್ರನೇ ಬಿಟ್ರೆ ಅಷ್ಟು ಜನ ಹಾಕಿದ ವೋಟು ದಂಡ, ಹಾಗಾಗಿ ಮುಂದಿನೋರಿಗೆ ದಾಟಿಸ್ಬೇಕು.

ಇಲ್ಲಿ ನಾನು ಮಾಡಿದ ಎಡವಟ್ಟು ಕೇಳಿ. 999 ಅಂದ್ರೆ ಹೆಚ್ಚೂಕಮ್ಮಿ 10 ಚೀಟಿ ತಾನೇ, ಮೇಷ್ಟ್ರ ಗುಡ್ಡೆ ಮೇಲಿಂದ 10 ಚೀಟಿ ಎತ್ತಿ, ಅದರಲ್ಲಿ 2 ಯಾರಿಗಿದೆಯೋ ಅವರಿಗೆ ಹಂಚಿಬಿಟ್ಟೆ. ಡಾಕ್ಟ್ರಮ್ಮನಿಗೆ 4, ಅಂಕಲ್‌ಗೆ 3, ಬಾಡಿಗೆ ಹುಡುಗಿಗೆ 2, ಜಿಮ್ ಹುಡುಗನಿಗೆ 1. ಅಂಕಲ್ 1800 ಪ್ಲಸ್ 300, 2100, ಕೋಟಾ ದಾಟೇಬಿಟ್ರು, ಚಪ್ಪಾಳೆ ಬೇರೆ. ಬಾಗಿಲ ಹತ್ರ ನಿಂತಿದ್ದ ಒಂದು ಪಿಯುಸಿ ಹುಡುಗಿ ಮೆಲ್ಲಗೆ ನನ್ನನ್ನ ಕೇಳಿದ್ಳು, ‘ಅಂಕಲ್, ಕೆಳಗಿರೋ 20 ಚೀಟಿಯೋರು ಏನು ಪಾಪ ಮಾಡಿದ್ರು?’ ಎದೆ ಧಸಕ್ ಅಂತು. ಹೌದಲ್ಲ, ಎ ಬ್ಲಾಕಿನೋರು ಸಂಜೆ ವಾಕಿಂಗ್ ಮುಗಿಸ್ಕೊಂಡು ಕೊನೆಗೆ ಬಂದು ಹಾಕಿದ್ರು, ಅವರ ಚೀಟಿಗಳೇ ಮೇಲಿದ್ವು. ಆ ಗುಡ್ಡೆಲಿ ಅಂಕಲ್‌ಗೆ 2 ಕೊಟ್ಟೋರು ಒಟ್ಟು ಇದ್ದಿದ್ದೇ 3 ಜನ, ಮೂರೂ ಚೀಟಿ ಮೇಲುಗಡೆ ಸಿಕ್ಕಿಬಿಟ್ಟಿತ್ತು.

ಸರಿಯಾದ ಕ್ರಮ ಏನಂದ್ರೆ 30 ಚೀಟಿನೂ ನೋಡ್ಬೇಕು. ನೋಡಿದ್ವಿ. ಬಾಡಿಗೆ ಹುಡುಗಿಗೆ 18, ಡಾಕ್ಟ್ರಮ್ಮನಿಗೆ 6, ಅಂಕಲ್‌ಗೆ 3, ಜಿಮ್ ಹುಡುಗನಿಗೆ 1, ಎರಡು ಚೀಟಿಲಿ 2 ಅನ್ನೋದೇ ಇರ್ಲಿಲ್ಲ. ಮುಂದೆ ಹೋಗೋ ಚೀಟಿ 28. ಈಗ ಮಿಕ್ಕಿರೋ 999ನ 28ಕ್ಕೆ ಹಂಚಿ, ಒಂದೊಂದಕ್ಕೆ 35 ಮತ್ತೆ ಚೂರು ಪಾರು. ಚೂರು ಪಾರು ಬಿಟ್ಟುಬಿಡೋದು ನಿಯಮ. ಅಂದ್ರೆ ಮುಂದೆ ಹೋದ ಪ್ರತಿ ಚೀಟಿಯ 100ರಲ್ಲಿ ಸುಮಾರು ಮೂರನೇ ಎರಡು ಭಾಗ ಮೇಷ್ಟ್ರನ್ನ ಗೆಲ್ಲಿಸೋಕೆ ಖರ್ಚಾಯ್ತು, 35 ಉಳೀತು, ಆ 35 ಮುಂದಿನೋರಿಗೆ. ಬಾಡಿಗೆ ಹುಡುಗಿಗೆ 18 ಇಂಟು 35, 630. ಡಾಕ್ಟ್ರಮ್ಮನಿಗೆ 210. ಅಂಕಲ್‌ಗೆ 105. ಜಿಮ್ ಹುಡುಗನಿಗೆ 35. ಒಟ್ಟು 980, ಚೂರು ಪಾರಲ್ಲಿ ಹೋಗಿದ್ದು 19.

ಈಗ ಬೋರ್ಡ್ ಮೇಲೆ: ಅಂಕಲ್ 1905, ಬಾಡಿಗೆ ಹುಡುಗಿ 1630, ಡಾಕ್ಟ್ರಮ್ಮ 1610, ಜಿಮ್ ಹುಡುಗ 835. ನಾಲ್ಕನೇ ಜಾಗದಲ್ಲಿದ್ದ ಹುಡುಗಿ ಡಾಕ್ಟ್ರಮ್ಮನ್ನ 20ರಲ್ಲಿ ಹಿಂದೆ ಹಾಕಿದ್ಳು. ಗೆದ್ದಿದ್ದ ಅಂಕಲ್ ಗೆಲ್ಲದೇ ಇರೋ ಅಂಕಲ್ ಆದ್ರು, ಅವರ ಮುಖ ನೋಡೋ ಧೈರ್ಯ ನನಗಿರ್ಲಿಲ್ಲ. ಐರ್ಲೆಂಡು, ಮಾಲ್ಟಾ ಥರದ ದೇಶಗಳಲ್ಲಿ ಜನ ಪಾರ್ಲಿಮೆಂಟಿಗೇ ನೇರವಾಗಿ ಹೀಗೆ ವೋಟು ಹಾಕ್ತಾರೆ. ಐರ್ಲೆಂಡಲ್ಲಿ ಚೀಟಿಯ ಬೆಲೆ ಕತ್ತರಿಸಲ್ಲ, 2 ಯಾರಿಗೆ ಎಷ್ಟಿದೆ ಅಂತ ಇಡೀ ಗುಡ್ಡೆ ನೋಡಿ, ಆ ಪಾಲಿನ ಪ್ರಕಾರ ಇಡೀ ಇಡೀ ಚೀಟಿನೇ ದಾಟಿಸ್ತಾರೆ. ಅಲ್ಲೂ ನನ್ನ ಥರ ಮೇಲಿಂದ ಹತ್ತು ಎತ್ತೋದಿಲ್ಲ ಅನ್ನೋದು ಗಮನಿಸಿ.

ಈ ಹಂತದಲ್ಲಿ ಒಂದು ಕೈಕೆಲಸದ ಸಲಹೆ. ದಾಟಿ ಬಂದ ಚೀಟಿನ ಯಾವತ್ತೂ ಹಳೇ ಗುಡ್ಡೆ ಜೊತೆ ಬೆರೆಸ್ಬೇಡಿ. ನಾವು ಹಳೇ ಮದುವೆ ಕಾರ್ಡಿನ ಕವರ್‌ಗಳನ್ನ ಇಟ್ಕೊಂಡಿದ್ವಿ, ಒಂದೊಂದು ಕವರ್ ಮೇಲೆ ‘ಮೇಷ್ಟ್ರಿಂದ ಹುಡುಗಿಗೆ, 18 ಚೀಟಿ, ಬೆಲೆ 35’ ಅಂತ ಬರೆದು ರಬ್ಬರ್ ಬ್ಯಾಂಡ್ ಹಾಕಿ ಅವರವರ ಗುಡ್ಡೆ ಮೇಲೆ ಇಟ್ವಿ. ಯಾಕಂದ್ರೆ ಹುಡುಗಿ ಹತ್ರ ಈಗ 100ರ ಚೀಟಿನೂ ಇದೆ, 35ರ ಚೀಟಿನೂ ಇದೆ, ಕಲಸಿಹೋದ್ರೆ ಮುಂದೆ ಬ್ರಹ್ಮ ಬಂದ್ರೂ ಬಿಡಿಸೋಕಾಗಲ್ಲ. ಇನ್ನೊಂದು ಕವರ್ ಬೇಕು, ಮುಂದೆ ಹೋಗೋ ದಾರಿ ಇಲ್ಲದ ಚೀಟಿಗೆ. ನಾವು ಅದರ ಮೇಲೆ ‘ಲಾಸ್ಟ್ ಸ್ಟಾಪ್’ ಅಂತ ಬರೆದಿದ್ವಿ. ಮತ್ತೆ ಪ್ರತಿ ಸುತ್ತಿನ ಕೊನೆಗೆ ಬೋರ್ಡ್ ಮೇಲಿರೋದು, ಲಾಸ್ಟ್ ಸ್ಟಾಪಲ್ಲಿರೋದು, ಚೂರು ಪಾರಲ್ಲಿ ಹೋಗಿದ್ದು ಎಲ್ಲ ಕೂಡಿದ್ರೆ 8000 ಬರ್ಲೇಬೇಕು. ಬರ್ಲಿಲ್ಲ ಅಂದ್ರೆ ಅಲ್ಲೇ ನಿಲ್ಲಿಸಿ ಹುಡುಕಿ.

2ನ ನೋಡೋ ಎರಡನೇ ಸಂದರ್ಭ ಎಲಿಮಿನೇಷನ್. ಹಂಚೋಕೆ ಸರ್‌ಪ್ಲಸ್ ಯಾರ ಹತ್ರನೂ ಇಲ್ಲ, ಸೀಟು ಇನ್ನೂ 2 ಖಾಲಿ. ಆಗ ಎಲ್ಲರಿಗಿಂತ ಕೆಳಗಿರೋರನ್ನ ಹೊರಗೆ ಹಾಕ್ಬೇಕು. 835ರ ಜಿಮ್ ಹುಡುಗ ಔಟು. ಇಲ್ಲಿ ಸರ್‌ಪ್ಲಸ್ ಥರ ಬೆಲೆ ಕತ್ತರಿಸೋ ಹಾಗಿಲ್ಲ, ಆ ಹುಡುಗನ್ನ ಗೆಲ್ಲಿಸೋಕೆ ಏನೂ ಖರ್ಚಾಗಿಲ್ವಲ್ಲ, ಚೀಟಿ ಪೂರ್ತಿ ಬೆಲೆಗೇ ಹೋಗುತ್ತೆ. ಮೊದಲು ಅವನ ಸ್ವಂತ 8 ಚೀಟಿ, ತಲಾ 100. ಐದು ಚೀಟಿಲಿ 2 ಅನ್ನೋ ನಂಬರ್ ಡಾಕ್ಟ್ರಮ್ಮನಿಗೆ, ಎರಡು ಚೀಟಿಲಿ ಬಾಡಿಗೆ ಹುಡುಗಿಗೆ, ಒಂದರಲ್ಲಿ 1 ಬಿಟ್ರೆ ಏನೂ ಇಲ್ಲ, ಅದು ಲಾಸ್ಟ್ ಸ್ಟಾಪ್ ಕವರಿಗೆ. ಡಾಕ್ಟ್ರಮ್ಮ 1610ಕ್ಕೆ 500 ಸೇರಿ 2110, ಗೆದ್ರು. ಹುಡುಗಿ 1830. ಆಮೇಲೆ ಮೇಷ್ಟ್ರ ಕಡೆಯಿಂದ ಜಿಮ್ ಹುಡುಗನಿಗೆ ಬಂದಿದ್ದ ಆ ಒಂದು ಚೀಟಿ, ಬೆಲೆ 35, ಅದರಲ್ಲಿ ಮುಂದಿನ ನಂಬರ್ ಬಾಡಿಗೆ ಹುಡುಗಿಗೆ ಇತ್ತು, 1865 ಆಯ್ತು. ಅಂಕಲ್ ಮಾತ್ರ ಅದೇ 1905ರಲ್ಲಿ ಗಟ್ಟಿಯಾಗಿ ಕೂತಿದ್ರು. ಜಿಮ್ ಹುಡುಗರ ಬೈಕ್ ಪಾರ್ಕಿಂಗ್ ವಿಷಯಕ್ಕೆ ಅಂಕಲ್ ಎರಡು ತಿಂಗಳಿಂದ ಜಗಳ ಆಡ್ತಾ ಇದ್ರು, ಅದರ ಬೆಲೆ ಇಲ್ಲಿ ಕಾಣ್ತು.

ಉಳಿದಿದ್ದು ಒಂದು ಸೀಟು, ಇಬ್ಬರು. ಅಂಕಲ್ 40 ಮುಂದಿದ್ದಾರೆ. ಇಲ್ಲಿ ಅವಸರ ಮಾಡಿ ಅಂಕಲ್ ಗೆದ್ರು ಅಂದ್ಬಿಟ್ರೆ ಎರಡನೇ ಸಲ ತಪ್ಪು ಮಾಡಿದ ಹಾಗೆ. ಡಾಕ್ಟ್ರಮ್ಮನ ಹತ್ರ 2110ರಲ್ಲಿ 109 ಮಿಕ್ಕಿದೆ, ಅದು ಇನ್ನೂ ಹಂಚಿಲ್ಲ, ಹುಡುಗಿಗೆ ಅದು ಹೋದ್ರೆ ಅಂಕಲ್‌ನ ದಾಟಬಹುದು. ನಿಯಮ ಹೇಳೋದೂ ಅದನ್ನೇ: ಕೊನೇ ಸೀಟಲ್ಲಿ ಮುಂದಿರೋರ ಲೆಕ್ಕ, ಹಿಂದಿರೋರೆಲ್ಲರ ಲೆಕ್ಕ ಮತ್ತೆ ಹಂಚದೇ ಇರೋ ಸರ್‌ಪ್ಲಸ್ ಎರಡೂ ಸೇರಿದ್ರೂ ಅದಕ್ಕಿಂತ ಜಾಸ್ತಿ ಇದ್ರೆ ಮಾತ್ರ ಅಲ್ಲಿಗೇ ಮುಗಿಸಬಹುದು. 1865ಕ್ಕೆ 109 ಸೇರಿದ್ರೆ 1974, ಅಂಕಲ್ 1905. ಹಂಚಲೇಬೇಕು.

ಡಾಕ್ಟ್ರಮ್ಮನ 14 ಸ್ವಂತ ಚೀಟಿ, 6 ಮೇಷ್ಟ್ರ ಚೀಟಿ, 5 ಜಿಮ್ ಚೀಟಿ, ಇಷ್ಟರಲ್ಲಿ ಯಾವುದನ್ನ ತೆಗೀಬೇಕು? ಅವರನ್ನ ಗೆರೆ ದಾಟಿಸಿದ ಕೊನೇ ಕವರ್ ಮಾತ್ರ, ಅಂದ್ರೆ ಆ 5 ಜಿಮ್ ಚೀಟಿ. ನನಗೆ ಕೇಳಿದ್ರೆ ನಮ್ಮ ನಿಯಮದ ದುರ್ಬಲ ಜಾಗ ಇದೇ, ಡಾಕ್ಟ್ರಮ್ಮನಿಗೆ ನಿಯತ್ತಾಗಿ 1 ಕೊಟ್ಟ 14 ಜನರ ಮುಂದಿನ ಇಷ್ಟ ಏನು ಅಂತ ಯಾರೂ ನೋಡಲ್ಲ, ಕೊನೆಗೆ ಬಂದ ಐದು ಚೀಟಿಯೋರು ಮಾತಾಡ್ತಾರೆ. ಸ್ಕಾಟ್ಲೆಂಡಿನ ಸ್ಥಳೀಯ ಕೌನ್ಸಿಲ್ ಎಲೆಕ್ಷನಲ್ಲಿ ಎಲ್ಲ ಚೀಟಿನೂ ಲೆಕ್ಕಕ್ಕೆ ತಗೋತಾರೆ, ಆದ್ರೆ ಅದಕ್ಕೆ ಕಂಪ್ಯೂಟರ್ ಬೇಕು, ಮದುವೆ ಕಾರ್ಡಿನ ಕವರಲ್ಲಿ ಆಗೋ ಕೆಲಸ ಅಲ್ಲ. ಇರ್ಲಿ. ಐದರಲ್ಲಿ ಒಂದು ಚೀಟಿಗೆ ಮುಂದೆ ದಾರಿ ಇಲ್ಲ, ಮಿಕ್ಕ ನಾಲ್ಕರಲ್ಲೂ 3 ಅನ್ನೋ ನಂಬರ್ ಬಾಡಿಗೆ ಹುಡುಗಿಗೆ. 109ನ 4ಕ್ಕೆ ಹಂಚಿದ್ರೆ 27. ನಾಲ್ಕಕ್ಕೆ 108. ಹುಡುಗಿ 1973, ಅಂಕಲ್ 1905. ಕೋಟಾ ಇಬ್ಬರೂ ಮುಟ್ಟಲಿಲ್ಲ, ಪರವಾಗಿಲ್ಲ, ಕೊನೇ ಸೀಟಿಗೆ ಕೋಟಾ ಮುಟ್ಟಲೇಬೇಕು ಅಂತಿಲ್ಲ. ಮೊದಲ ಸುತ್ತಲ್ಲಿ 10 ವೋಟಿದ್ದ ಹುಡುಗಿ 18 ವೋಟಿದ್ದ ಅಂಕಲ್‌ನ ಸೋಲಿಸಿದ್ಳು.

ಈಗ ಇದೇ ಕನ್ನಡಕ ಹಾಕ್ಕೊಂಡು 2022ರ ಜೂನಿನ ನಮ್ಮ ರಾಜ್ಯಸಭೆ ಎಲೆಕ್ಷನ್ ನೋಡಿ. 4 ಸೀಟು, 6 ಜನ. ನಿರ್ಮಲಾ ಸೀತಾರಾಮನ್ 46, ಜೈರಾಂ ರಮೇಶ್ 46, ಜಗ್ಗೇಶ್ 44, ಲೆಹರ್ ಸಿಂಗ್ ಸಿರೋಯಾ 33, ಕುಪೇಂದ್ರ ರೆಡ್ಡಿ 30, ಮನ್ಸೂರ್ ಅಲಿ ಖಾನ್ 25. ಒಟ್ಟು 224, ಅಂದ್ರೆ 22400, ಐದರಿಂದ ಭಾಗಿಸಿ ಒಂದು ಸೇರಿಸಿ, ಕೋಟಾ 4481. ಮೊದಲ ಸುತ್ತಲ್ಲಿ ದಾಟಿದ್ದು ಇಬ್ಬರೇ. ಜಗ್ಗೇಶ್ 4400, 81 ಕಮ್ಮಿ. ನಿರ್ಮಲಾ ಅವರ ಹತ್ರ ಮಿಕ್ಕಿದ್ದು 119, ಅದನ್ನ 46 ಚೀಟಿಗೆ ಹಂಚಿದ್ರೆ ಒಂದಕ್ಕೆ 2 ಬರುತ್ತೆ. 46 ಚೀಟಿಲೂ ಎರಡನೇ ನಂಬರ್ ಜಗ್ಗೇಶ್‌ಗೇ ಇತ್ತು ಅಂದ್ಕೊಂಡ್ರೆ 92 ಸೇರಿ 4492, ದಾಟಿದ ಹಾಗೆ. ಬೇಕಾಗಿದ್ದಕ್ಕಿಂತ ಒಂದೇ ವೋಟು ಜಾಸ್ತಿ ಕೊಟ್ಟು ಪಕ್ಕದೋರನ್ನ ದಡ ಮುಟ್ಟಿಸೋ ಲೆಕ್ಕ ಇದು.

ಅಸಲಿ ಆಟ ನಾಲ್ಕನೇ ಸೀಟಲ್ಲಿ. ಬಿಜೆಪಿಯ ಲೆಹರ್ ಸಿಂಗ್ 33, ಜೆಡಿಎಸ್‌ನ ಕುಪೇಂದ್ರ ರೆಡ್ಡಿ 30, ಕಾಂಗ್ರೆಸ್ಸಿನ ಎರಡನೇ ಕ್ಯಾಂಡಿಡೇಟ್ ಮನ್ಸೂರ್ ಅಲಿ ಖಾನ್ 25. ಕೊನೆಯಲ್ಲಿರೋ 25 ಮತ್ತೆ 30 ಸೇರಿದ್ರೆ 55, ಕೋಟಾಗಿಂತ ಎಷ್ಟೋ ಜಾಸ್ತಿ. ಕಾಂಗ್ರೆಸ್ಸಿನ ಆ 25 ಚೀಟಿಲಿ ನಾಲ್ಕೇ ನಾಲ್ಕರಲ್ಲಿ 2 ಅಂತ ಕುಪೇಂದ್ರ ರೆಡ್ಡಿ ಮುಂದೆ ಬಿದ್ದು ಮಿಕ್ಕಿದ್ದು ಎಲ್ಲೂ ಹೋಗದೇ ಇದ್ದಿದ್ರೂ ಅವರು 3400 ಆಗಿ ಮುಂದೆ ಹೋಗ್ತಿದ್ರು. ಎರಡೂ ಪಕ್ಷ ಕೈ ಜೋಡಿಸ್ಲಿಲ್ಲ, ಲೆಹರ್ ಸಿಂಗ್ ಗೆದ್ರು. ದಾಟಿದ ವೋಟು ಮಾತ್ರ ಅಲ್ಲ, ದಾಟದೇ ಉಳಿದ ವೋಟೂ ಸೀಟು ನಿರ್ಧಾರ ಮಾಡುತ್ತೆ. 2024ರ ಫೆಬ್ರವರಿಲಿ ಇದ್ಯಾವ ರಗಳೆನೂ ಇರ್ಲಿಲ್ಲ. 222 ವೋಟು, ಕೋಟಾ 4441, ಅಜಯ್ ಮಾಕನ್, ನಾಸಿರ್ ಹುಸೇನ್, ನಾರಾಯಣಸಾ ಭಾಂಡಗೆ ತಲಾ 47, ಜಿ.ಸಿ. ಚಂದ್ರಶೇಖರ್ 45, ನಾಲ್ಕೂ ಜನ ಮೊದಲ ಸುತ್ತಲ್ಲೇ ಪಾಸು. ಕುಪೇಂದ್ರ ರೆಡ್ಡಿ ಅವತ್ತೂ 36ಕ್ಕೆ ನಿಂತ್ರು. ಯಾವ ಚೀಟಿಯ 2ನೂ ನೋಡೋ ಅಗತ್ಯ ಬೀಳಲಿಲ್ಲ.

ಪದವೀಧರ, ಶಿಕ್ಷಕರ ಕ್ಷೇತ್ರಗಳದ್ದು ಇದರ ತಮ್ಮ. ನಮ್ಮ ವಿಧಾನ ಪರಿಷತ್ತಲ್ಲಿ 75 ಸೀಟು, ಅದರಲ್ಲಿ ಪದವೀಧರರದ್ದು 7, ಶಿಕ್ಷಕರದ್ದು 7. ಅಲ್ಲಿ ಒಂದು ಕ್ಷೇತ್ರಕ್ಕೆ ಒಂದೇ ಸೀಟು, ಹಾಗಾಗಿ ಚೀಟಿಯ ಬೆಲೆ 100 ಅಲ್ಲ, 1, ಕೋಟಾ ಅಂದ್ರೆ ಅರ್ಧ ಪ್ಲಸ್ ಒಂದು. ಗೆದ್ದೋರ ಸರ್‌ಪ್ಲಸ್ ಹಂಚೋಕೆ ಬೇರೆ ಸೀಟೇ ಇಲ್ಲ. ಬರೀ ಎಲಿಮಿನೇಷನ್, ಒಬ್ಬೊಬ್ಬರನ್ನೇ ಕೆಳಗಿಂದ ತೆಗೀತಾ ಹೋಗೋದು, ಅದಕ್ಕೇ ಎಣಿಕೆ ರಾತ್ರಿಯೆಲ್ಲ ನಡೆಯೋದು. ರಾಷ್ಟ್ರಪತಿ ಎಲೆಕ್ಷನ್ನೂ ಇದೇ ಜಾತಿ, ಚೀಟಿಯ ಬೆಲೆ ಮಾತ್ರ ಬೇರೆ. 1969ರದ್ದು ಓದಿ ನೋಡಿ, ಬೆಂಗಳೂರಲ್ಲಿ ಕಾಂಗ್ರೆಸ್ ಅಧಿವೇಶನದ ಹೊತ್ತಲ್ಲಿ ನೀಲಂ ಸಂಜೀವ ರೆಡ್ಡಿ ಹೆಸರು ಅಂತಿಮ ಆಗಿದ್ದು, ಎದುರಿಗೆ ನಿಂತಿದ್ದು ಹಿಂದೆ ನಮ್ಮ ಮೈಸೂರು ರಾಜ್ಯದ ಗವರ್ನರ್ ಆಗಿದ್ದ ವಿ.ವಿ. ಗಿರಿ. ಮೊದಲ ಸುತ್ತಲ್ಲಿ ಗಿರಿ 4,01,515, ರೆಡ್ಡಿ 3,13,548, ಸಿ.ಡಿ. ದೇಶಮುಖ್ 1,12,769. ಕೋಟಾ 4,18,169, ಯಾರೂ ಮುಟ್ಟಲಿಲ್ಲ. ದೇಶಮುಖ್ ಮತ್ತೆ ಉಳಿದೋರ ಚೀಟಿ ದಾಟಿದಾಗ ರೆಡ್ಡಿಗೆ 91,879 ಸೇರ್ತು, ಗಿರಿಗೆ ಬರೀ 18,562. ಆದ್ರೂ ಗಿರಿ 4,20,077, ಗೆರೆಗಿಂತ 1,908 ಮೇಲೆ. ದಾಟಿ ಬಂದ ವೋಟಲ್ಲಿ ಐದು ಪಾಲು ಹಿಂದಿದ್ರೂ ಗೆದ್ರು, ಯಾಕಂದ್ರೆ ಅವರಿಗೆ ಬೇಕಾಗಿದ್ದೇ 16,654. ನಮ್ಮ ಅಂಕಲ್‌ಗೆ ಬೇಕಾಗಿದ್ದು 201, ಬಂದಿದ್ದು 105.

ಲೆಕ್ಕ ಸಮ ಬಂದ್ರೆ ಏನು ಅಂತ ಮೊದಲೇ ಬರೆದಿಟ್ಕೊಳಿ. ಹೊರಗೆ ಹಾಕೋ ಹೊತ್ತಲ್ಲಿ ಕೆಳಗೆ ಇಬ್ಬರು ಸಮ ಇದ್ರೆ ಮೊದಲ ಪ್ರಾಶಸ್ತ್ಯದಲ್ಲಿ ಯಾರಿಗೆ ಕಮ್ಮಿ ಇತ್ತೋ ಅವರು ಹೋಗ್ತಾರೆ, ಅದೂ ಸಮ ಆದ್ರೆ ಇಬ್ಬರ ಲೆಕ್ಕ ಮೊದಲ ಸಲ ಬೇರೆಯಾದ ಸುತ್ತಲ್ಲಿ ಯಾರಿಗೆ ಕಮ್ಮಿ ಇತ್ತೋ ಅವರು, ಎಲ್ಲ ಸುತ್ತಲ್ಲೂ ಸಮ ಇದ್ರೆ ಮಾತ್ರ ಚೀಟಿ ಎತ್ತೋದು. ಮತ್ತೆ ಚೀಟಿಗಳನ್ನ ಒಂದು ತಿಂಗಳಾದ್ರೂ ಎಸೀಬೇಡಿ, ಕವರ್ ಸಮೇತ ಒಂದು ಸ್ವೀಟ್ ಡಬ್ಬಿಲಿ ಹಾಕಿ ಸೀಲ್ ಮಾಡಿಡಿ, ಯಾಕಂದ್ರೆ ಮರು ಎಣಿಕೆ ಕೇಳೇ ಕೇಳ್ತಾರೆ.

ನಮ್ಮಲ್ಲೂ ಕೇಳಿದ್ರು. ಹತ್ತು ನಿಮಿಷ ಗೆದ್ದಿದ್ದ ಮನುಷ್ಯ, ಕೇಳದೇ ಇರ್ತಾರಾ. ಮುಂದಿನ ಭಾನುವಾರ ಬೆಳಿಗ್ಗೆ ಡಬ್ಬಿ ತೆಗೆದು ಎಲ್ಲರೆದುರು ಮತ್ತೆ ಎಣಿಸಿದ್ವಿ, 40 ನಿಮಿಷ ಹಿಡೀತು, ಅದೇ 1973, ಅದೇ 1905. ಅಂಕಲ್‌ಗೆ ಬಂದಿದ್ದ 18 ಚೀಟಿಯಲ್ಲಿ 2 ಯಾರಿಗಿತ್ತು ಅಂತ ಕೊನೇವರೆಗೂ ನೋಡೋ ಸಂದರ್ಭವೇ ಬರಲಿಲ್ಲ, ಆ ಗುಡ್ಡೆ ಹಾಗೇ ಇತ್ತು. ಅವರು ಅದನ್ನ ಮುಟ್ಟಲೂ ಇಲ್ಲ. ಜಿಮ್ ಹುಡುಗನ 8 ಚೀಟಿ ಕೊಡಿ ಅಂದ್ರು. ಕನ್ನಡಕ ಒರೆಸ್ಕೊಂಡು ಒಂದೊಂದೇ ಚೀಟಿನ ಬೆಳಕಿಗೆ ಹಿಡಿದು, ತಮ್ಮ ಹೆಸರಿನ ಮುಂದಿನ ಚೌಕ ಮಾತ್ರ ನೋಡ್ತಾ ಹೋದ್ರು. ಎಂಟೂ ಖಾಲಿ. ‘3ನೇ ನಂಬರ್ ಕೂಡ ಕೊಟ್ಟಿಲ್ವಲ್ಲಪ್ಪ’ ಅಂದು ಚೀಟಿ ವಾಪಸ್ ಕೊಟ್ಟು, ಆಚೆ ಹೋಗಿ ಗೇಟ್ ಹತ್ರ ನಿಲ್ಲಿಸಿದ್ದ ಬೈಕುಗಳ ಕಡೆ ಸ್ವಲ್ಪ ಹೊತ್ತು ನೋಡ್ತಾ ನಿಂತಿದ್ರು.